ಎಂಟಾಣೆ ಹಿಡಿದ ಕೈ

ನಮ್ಮ ಮಾವನವರ ಬಲಗೈ ಯಾವಾಗಲೂ ಹೆಗಲ ಮೇಲಿನ ವಲ್ಲಿಯ ಅಡಿಯಲ್ಲೇ ಇರುತ್ತಿತ್ತು. ಬಸ್ಸಿನ ಮಾಲೀಕರಾಗುವ ಮೊದಲು ಅವರು ಎತ್ತಿನ ವ್ಯಾಪಾರಿ. ಆ ವ್ಯಾಪಾರದಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಸುತ್ತ ನಿಂತವರಿಗೆ ಗೊತ್ತಾಗದಂತೆ, ಬಟ್ಟೆಯ ಮರೆಯಲ್ಲಿ ಒಬ್ಬರ ಬೆರಳನ್ನು ಇನ್ನೊಬ್ಬರು ಹಿಡಿದು ತಿಳಿಸುತ್ತಾರೆ. ಎತ್ತುಗಳನ್ನೆಲ್ಲ ಮಾರಿ ಬಸ್ಸು ಕೊಂಡ ಮೇಲೂ ಆ ಕೈ ಹೊರಗೆ ಬರಲಿಲ್ಲ. "ಉಣ್ಣಾಕೆ ಕೂತಾಗಾದ್ರೂ ಕೈ ಆಚೆಗೆ ತಗೀರಿ. ಮುದ್ದೆ ಜೊತೆ ಏನು ಯಾಪಾರ?" ಎಂದು ಅತ್ತೆ ರೇಗುತ್ತಿದ್ದರು.

ನಾನು ಬೆಂಗಳೂರಿನ ಮಿಷನ್ ಶಾಲೆಯಲ್ಲಿ ಓದಿ, ಮದುವೆಯಾಗಿ ಮಧುಗಿರಿಗೆ ಬಂದವಳು. ಆ ಮನೆಯಲ್ಲಿ ನನ್ನ ಇಂಗ್ಲಿಷು ತವರಿನಿಂದ ತಂದ ಬೆಳ್ಳಿ ತಟ್ಟೆಯಂತೆ ಅಟ್ಟ ಸೇರಿತ್ತು. ಇದೆ ಎಂದು ಎಲ್ಲರಿಗೂ ಗೊತ್ತು, ಬಳಸುವ ಸಂದರ್ಭವೇ ಇಲ್ಲ. ನಮ್ಮ ಯಜಮಾನರು ಬಸ್ಸು ಓಡಿಸುತ್ತಿದ್ದರು. ಬೆಳಿಗ್ಗೆ ಬಡವನಹಳ್ಳಿ ಮೇಲೆ ಶಿರಾಕ್ಕೆ, ಸಂಜೆ ವಾಪಸು.

ಬಸ್ಸು ಮಾರಿದ ಕಂಪನಿ ಕೊಟ್ಟ ಗ್ಯಾರಂಟಿ ಮುಗಿದು ತಿಂಗಳೂ ಆಗಿರಲಿಲ್ಲ, ಬಡವನಹಳ್ಳಿಯ ಹತ್ತಿರ ಬಸ್ಸಿನ ಹಿಂದಿನ ಆಕ್ಸಲ್ ಮುರಿಯಿತು. ಯಾರದೋ ಎತ್ತುಗಳನ್ನು ಕಟ್ಟಿ ಊರಿಗೆ ಎಳೆಸಿಕೊಂಡು ಬಂದರು. ಎತ್ತು ಮಾರಿ ಕೊಂಡ ಬಸ್ಸನ್ನು ಎತ್ತುಗಳೇ ಎಳೆದು ತರುವುದನ್ನು ನೋಡಲು ಊರಿಗೆ ಊರೇ ನೆರೆದಿತ್ತು. ಜನ ನಗುತ್ತಿದ್ದರೆ ಮಾವ ಎಳೆದು ತಂದ ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡಿದರು.

ಆಕ್ಸಲ್ ಜೊತೆಗೆ ಗೇರುಗಳೂ ಹೋಗಿದ್ದವು. ಅಷ್ಟನ್ನೂ ಹೊಸದಾಗಿ ಹಾಕಿಸುವ ಶಕ್ತಿ ನಮಗಿರಲಿಲ್ಲ. ಬಸ್ಸು ಹೆಚ್ಚು ದಿನ ನಿಂತರೆ ಲೈಸೆನ್ಸು ಕೈತಪ್ಪಿ ಆ ಲೈನು ಬೇರೆಯವರ ಪಾಲಾಗುತ್ತಿತ್ತು. ಹಳೆಯ ಕಸುಬಿಗೆ ಮರಳೋಣವೆಂದರೆ ಕೊಟ್ಟಿಗೆಯಲ್ಲಿ ಒಂದು ಕರುವೂ ಇರಲಿಲ್ಲ.

ಪರಿಚಯದ ವಕೀಲರು ಪೂರ್ತಿ ಖರ್ಚನ್ನೂ ಕೇಳಿ ಕಂಪನಿಗೆ ಖಾರವಾಗಿ ನೋಟೀಸು ಕೊಡಿ ಎಂದರು. ಮಾವ ಮುರಿದ ತುಂಡನ್ನು ಬಿಸಿಲಿಗೆ ಹಿಡಿದು ನೋಡಿದರು. ಮುರಿದ ಜಾಗದಲ್ಲಿ ಅರ್ಧ ಕಪ್ಪಗಿತ್ತು, ಅರ್ಧ ಹೊಳೆಯುತ್ತಿತ್ತು.

"ಈ ಕರೀದು ಮೊದ್ಲೇ ಸೀಳಿದ್ದು, ಅದು ಅವ್ರ ತಪ್ಪು. ಈ ಬಿಳೀದು ಮೊನ್ನೆ ಮುರಿದಿದ್ದು. ಜನಾನ ಟಾಪ್ ಮೇಲೂ ಕೂರಿಸ್ಕಂಡು ಹೊಡೆದ್ವಲ್ಲ, ಅದು ನಮ್ದು. ಅರ್ಧಕ್ಕರ್ಧ ಕೇಳಾನ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ನೀನೂ ಬಾರವ್ವ. ಅವ್ರ ಮಾತು ನಿಂಗೆ ಬತ್ತದಲ್ಲ" ಎಂದರು.

ಅತ್ತೆ ಬಾಯಿ ಬಡಿದುಕೊಂಡರು. "ಸೊಸೇನ ದೊರೆ ಮುಂದೆ ನಿಲ್ಲಿಸ್ತೀರಾ? ಜನ ಏನಂದಾರು?"

"ಜನ ಬಸ್ ರಿಪೇರಿ ಮಾಡಿಸ್ಕೊಡ್ತಾರೇನೆ?"

ಕಂಪನಿಯ ಕಚೇರಿ ಬೆಂಗಳೂರಿನ ದಂಡು ಪ್ರದೇಶದಲ್ಲಿತ್ತು. ಅಲ್ಲಿನ ಬಿಳಿಯ ಸಾಹೇಬ ನಮ್ಮನ್ನು ಕೂರಿಸಿ, ಗ್ಯಾರಂಟಿ ಮುಗಿದಿದೆ, ತನ್ನ ಕೈಯಲ್ಲಿ ಏನೂ ಇಲ್ಲ ಎಂದ. ನಾನು ಶಾಲೆ ಬಿಟ್ಟ ಮೇಲೆ ಇಂಗ್ಲಿಷಿನಲ್ಲಿ ಬಾಯಿ ತೆರೆದದ್ದು ಅದೇ ಮೊದಲು. ಮಾವ ತುಂಡನ್ನು ಮೇಜಿನ ಮೇಲಿಟ್ಟು ಹೇಳುತ್ತಾ ಹೋದರು, ನಾನು ತಡವರಿಸುತ್ತಾ ದಾಟಿಸುತ್ತಾ ಹೋದೆ. ಹೆಚ್ಚು ಜನರನ್ನು ತುಂಬಿದ ಸಂಗತಿಗೆ ಬಂದಾಗ ಮೆಲ್ಲಗೆ, "ಇದನ್ನು ಬಿಟ್ಟುಬಿಡಲೇ ಮಾವ?" ಎಂದು ಕೇಳಿದೆ.

"ಬ್ಯಾಡ, ಹೇಳ್ಬುಡು. ಎತ್ತಿನ ಕೆಟ್ಟ ಸುಳಿ ಮುಚ್ಚಿಟ್ಟು ಮಾರಿದೋನು ಮುಂದಿನ ಸಂತೇಲಿ ಹೆಂಗೆ ಮುಖ ತೋರಿಸ್ತಾನೆ?"

ಹೇಳಿದೆ. ಸಾಹೇಬ ತುಂಡನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿ ಕೆಳಗಿಟ್ಟ. ಆಗ ಮಾವ ಎದ್ದು, ಬಲಗೈ ಮೇಲೆ ವಲ್ಲಿ ಹೊದಿಸಿ ಮುಂದೆ ಚಾಚಿದರು. ಹೊರಡುತ್ತಿದ್ದಾರೆ, ಕೈ ಕುಲುಕಬೇಕೆಂದು ಸಾಹೇಬ ತಿಳಿದ. ವಲ್ಲಿಯೊಳಗೆ ಕೈ ತೂರಿಸಿ, ಐದೂ ಬೆರಳನ್ನು ಹಿಡಿದು ಚೆನ್ನಾಗಿ ಕುಲುಕಿದ.

ಮಾವನ ಮುಖ ಅರಳಿತು. "ಐದು ಹಿಡಿದ ಕಣವ್ವ! ರೂಪಾಯಿಗೆ ಐದಾಣೆ ಹಾಕ್ಕತಾನಂತೆ. ಸಾಲದು, ಎಂಟಕ್ಕೆ ಬಾ ಅನ್ನು."

ನನಗೆ ನಗು ತಡೆಯಲಾಗಲಿಲ್ಲ. ಸೆರಗು ಬಾಯಿಗಿಟ್ಟುಕೊಂಡರೂ ಉಕ್ಕಿತು. ಯಾಕೆಂದು ಸಾಹೇಬ ಕೇಳಿದ. ಎತ್ತಿನ ವ್ಯಾಪಾರ, ಬೆರಳು, ಆಣೆ, ಎಲ್ಲವನ್ನೂ ವಿವರಿಸಿದೆ. ಅಷ್ಟು ಹೊತ್ತಿಗೆ ಭಯ ಎಲ್ಲಿ ಹೋಗಿತ್ತೋ, ಮಾತು ತಾನಾಗಿ ಬರುತ್ತಿತ್ತು. ನಮ್ಮ ಕಡೆ ಒಮ್ಮೆ ಹಿಡಿದರೆ ಮುಗಿಯಿತು, ಅದಕ್ಕಿಂತ ಮೇಲೆ ಹೋಗಬಹುದೇ ಹೊರತು ಇಳಿಯುವಂತಿಲ್ಲ ಎಂದೂ ಹೇಳಿದೆ. ಅದು ಮಾವ ಹೇಳಿಕೊಟ್ಟದ್ದಲ್ಲ, ನಾನೇ ಸೇರಿಸಿದ್ದು.

ಸಾಹೇಬ ಮೇಜಿನ ಮೇಲಿದ್ದ ತುಂಡನ್ನು ಇನ್ನೊಮ್ಮೆ ನೋಡಿದ. ಆ ಕಪ್ಪು ಭಾಗದ ಮೇಲೆ ಹೆಬ್ಬೆರಳು ಉಜ್ಜಿದ. "ಎಂಟನ್ನು ಹೇಗೆ ಹಿಡಿಯುತ್ತಾರೆ?" ಎಂದು ಕೇಳಿದ.

ಮೊದಲು ಐದು, ಆಮೇಲೆ ಮೂರು ಎಂದೆ. ಅವನು ತಾನೇ ವಲ್ಲಿಯ ಅಂಚು ಎತ್ತಿ ಕೈ ಹಾಕಿದ. ಒಳಗೆ ನಡೆದದ್ದು ನನಗೆ ಕಾಣಲಿಲ್ಲ, ಮಾವ ಕಣ್ಣು ಮುಚ್ಚಿ ತಲೆಯಾಡಿಸಿದ್ದು ಕಂಡಿತು. ಸಾಮಾನಿನ ಖರ್ಚಿನಲ್ಲಿ ಅರ್ಧ ಕಂಪನಿಯದು ಎಂದಾಯಿತು. ಬಸ್ಸು ಮತ್ತೆ ಓಡಿತು, ಲೈನು ನಮಗೇ ಉಳಿಯಿತು.

ಮಾವ ನನ್ನನ್ನು ಹೊಗಳಲಿಲ್ಲ. ಅದು ಅವರ ಜಾಯಮಾನವಲ್ಲ. ಆದರೆ ಸ್ವಲ್ಪ ದಿನಕ್ಕೆಲ್ಲ ತುಮಕೂರಿನ ಬಸ್ಸಿನಲ್ಲಿ ಮನೆಗೆ ಇಂಗ್ಲಿಷ್ ಪತ್ರಿಕೆ ಬರತೊಡಗಿತು. "ಅವತ್ತು ಮೊದಮೊದಲು ಭಾಳ ಎಡವಿದೆ ನೀನು. ದಿನಾ ಗಟ್ಟಿಯಾಗಿ ಓದು, ನಾನು ಕೇಳ್ತೀನಿ" ಎಂದರು. ಊಟವಾದ ಮೇಲೆ ಜಗುಲಿಯಲ್ಲಿ ಓದುತ್ತಿದ್ದೆ. ಪಾತ್ರೆಗಳನ್ನು ಅತ್ತೆ ಗೊಣಗುತ್ತಲೇ ತಾವು ತೊಳೆಯುತ್ತಿದ್ದರು. ಮಾವನಿಗೆ ಒಂದು ಪದವೂ ಅರ್ಥವಾಗುತ್ತಿರಲಿಲ್ಲ. ಆದರೂ ನಾನು ತಡವರಿಸಿದರೆ ಸಾಕು, "ಅಲ್ಲೇನೋ ಎಡವಿದೆ, ಇನ್ನೊಂದ್ಸಾರಿ" ಎನ್ನುತ್ತಿದ್ದರು. ಆ ಮನೆಯಲ್ಲಿ ನಾನು ಯಾರೆಂದು ನನಗೇ ತಿಳಿದದ್ದು ಆ ಜಗುಲಿಯಲ್ಲಿ.

ಎರಡನೆಯ ಮಹಾಯುದ್ಧ ಮುಗಿಯುವ ಮೊದಲೇ ಮಾವ ಹೋದರು. ವಿಭೂತಿ ಹಚ್ಚಿ, ಹೂವಿನ ಹಾರ ಹಾಕಿ ಜಗುಲಿಯಲ್ಲಿ ಕೂರಿಸಿದ್ದರು. ಮಧ್ಯಾಹ್ನ ತುಮಕೂರು ಬಸ್ಸಿನ ಕ್ಲೀನರು ಎಂದಿನಂತೆ ಪತ್ರಿಕೆ ತಂದು, ಯಾರ ಕೈಗೆ ಕೊಡುವುದೆಂದು ತಿಳಿಯದೆ ನಿಂತಿದ್ದ. ನಾನು ಇಸಿದುಕೊಂಡು ಮಾವನ ಪಕ್ಕದಲ್ಲಿ ಕುಳಿತು ಓದತೊಡಗಿದೆ. ಇದೇನು ಹುಚ್ಚು ಎಂದು ನೆಂಟರೊಬ್ಬರು ತಡೆಯಲು ಬಂದರು.

"ಓದ್ಲಿ ಬುಡಿ" ಎಂದರು ಅತ್ತೆ, ಅಳುತ್ತಲೇ.

ಎರಡನೆಯ ಸಾಲಿನಲ್ಲಿ ಎಡವಿದೆ. ಸ್ವಲ್ಪ ಹೊತ್ತು ಕಾದೆ. ನಾನೇ ಇನ್ನೊಂದು ಸಾರಿ ಓದಿದೆ.