ಮೋಟಾರಿಗೆ ಬಂದ ಫೋನು

ಅಜ್ಜಂಪುರದ ಸ್ಟೇಷನ್ ರಸ್ತೆಯಲ್ಲಿ ಶಾಂಭವಿಯ ರಿಪೇರಿ ಅಂಗಡಿ. ಅಪ್ಪ ಮೃತ್ಯುಂಜಯ ಅಲ್ಲಿ ಟೀವಿ ರಿಪೇರಿ ಮಾಡುತ್ತಿದ್ದರು. ಪಿಯುಸಿಯಲ್ಲಿ ಫೇಲಾದ ಮಗಳು ಅವರ ಪಕ್ಕ ಕೂತು ಬೆಸುಗೆ ಹಾಕೋದು ಕಲಿತಳು. ಈಗ ಅವಳಿಗೆ ನಲವತ್ತೇಳು. ಟೀವಿಗಳು ಬರೋದು ನಿಂತು, ಮಿಕ್ಸಿ ಮತ್ತು ಮೋಟಾರ್ ಸ್ಟಾರ್ಟರುಗಳೇ ಹೆಚ್ಚು.

ಹೋದ ವರ್ಷ ಬುಕ್ಕಾಂಬುಧಿ ಕಡೆಯ ನೀರುಗಂಟಿ ಮಂಜಪ್ಪ ಸುಟ್ಟ ಸ್ಟಾರ್ಟರ್ ಹಿಡಿದು ಬಂದ. ಊರಿಗೆ ನೀರು ಕೊಡುವ ಬೋರ್‌ವೆಲ್ ಕೆರೆಯ ಆಚೆ ಇತ್ತು. ಕರೆಂಟು ಬಂದಾಗಲೆಲ್ಲ ಸೈಕಲ್ ತುಳಿದು ಹೋಗಿ ಗುಂಡಿ ಒತ್ತಬೇಕು.

"ಮಂಡಿ ಹೋಯ್ತು ಕಣವ್ವಾ. ಆ ಮೋಟಾರಿಗೊಂದು ಫೋನ್ ಕೊಡಿಸಿಬಿಟ್ರೆ ಮನೇಲಿ ಕೂತೇ ಮಾತಾಡ್ಬೋದಿತ್ತು," ಅಂತ ನಕ್ಕ.

"ಕೊಡ್ಸೋಣ ಬಿಡು ಮಂಜಣ್ಣ," ಅಂದಳು ಶಾಂಭವಿ.

ಫೋನಿನಿಂದ ಮೋಟಾರು ಓಡಿಸುವ ಪೆಟ್ಟಿಗೆ ಅಂಗಡಿಯಲ್ಲೇ ಸಿಗುತ್ತದೆ, ತರಬಹುದಿತ್ತು. ಆದರೆ ಅವಳಿಗೆ ತಾನೇ ಮಾಡಬೇಕೆಂಬ ಹುಚ್ಚು ಹಿಡಿಯಿತು. ಫೋನಿನ ಹಾಗೆ ಕರೆ ಹಿಡಿಯುವ, ಅಂಚೆ ಚೀಟಿಯಷ್ಟಿದ್ದ ಮೋಡೆಮ್ ತರಿಸಿ, ಸಿಮ್ ಹಾಕಿ, ಕರೆಂಟು ಕೊಟ್ಟಳು. ಮಿಸುಕಲಿಲ್ಲ. ಇಂಗ್ಲಿಷ್ ಕೈಪಿಡಿಯನ್ನು ಮೂರು ದಿನ ತಿರುವಿದ ಮೇಲೆ ತಿಳಿಯಿತು: ಅದರ ಲೋಹದ ಕಾಲುಗಳಲ್ಲಿ ಒಂದನ್ನು ಒಂದೆರಡು ಸೆಕೆಂಡು ಗ್ರೌಂಡ್ ತಂತಿಗೆ ಹಿಡಿದು ಬಿಡಬೇಕು, ಕರೆಗಂಟೆ ಒತ್ತಿ ಬಿಟ್ಟ ಹಾಗೆ. ಹಿಡಿದು ಬಿಟ್ಟಳು. ಪುಟ್ಟ ದೀಪ ಮಿಣಮಿಣ ಅಂದಿತು! ಶಾಂಭವಿ ಕೂಗಿದ್ದು ಕೇಳಿ ಪಕ್ಕದ ಟೈಲರ್ ತ್ರಿವೇಣಿ ಕತ್ತರಿ ಹಿಡಿದೇ ಓಡಿಬಂದಳು. "ಏನಾಯ್ತೇ, ಹಾವಾ?"

"ಟವರ್ ಸಿಕ್ತು ಕಣೇ!"

ಆದರೆ ಕರೆ ಬಂದ ಕೂಡಲೇ ಮೋಡೆಮ್ ಸತ್ತು ಹೋಗುತ್ತಿತ್ತು. ಟವರಿನ ಜೊತೆ ಮಾತಾಡುವಾಗ ಅದು ಒಂದೇ ಗುಟುಕಿಗೆ ಬಹಳ ಕರೆಂಟು ಎಳೆಯುತ್ತದೆ ಅನ್ನೋದನ್ನು ಕಂಡುಕೊಂಡು, ದಪ್ಪ ವೈರು ಹಾಕಿ, ಪಕ್ಕದಲ್ಲೇ ಕರೆಂಟು ಕೂಡಿಟ್ಟುಕೊಳ್ಳುವ ದೊಡ್ಡ ಕೆಪಾಸಿಟರ್ ಕೂರಿಸಿದಳು. ರಿಂಗಾದಾಗ ಮೋಡೆಮ್ ಕೊಡುವ ಸನ್ನೆ ಬಲು ಮೆಲ್ಲಗಿತ್ತು; ಸ್ಟಾರ್ಟರನ್ನು ಒತ್ತಲು ಅವಳು ಮಾಡಿದ್ದ ಬೋರ್ಡಿಗೆ ಅದು ಕೇಳಿಸುವಂತೆ ನಡುವೆ ಟ್ರಾನ್ಸಿಸ್ಟರ್ ಇಟ್ಟಳು. ಒಂದು ಕರೆ ಬಂದರೆ ಮೋಟಾರು ಓಡಬೇಕು, ಮತ್ತೊಂದು ಕರೆ ಬಂದರೆ ನಿಲ್ಲಬೇಕು.

ಕೆರೆ ಏರಿಯ ಮೇಲೆ ಊರಿನ ಅರ್ಧ ಜನ ನಿಂತಿದ್ದರು. ಮಂಜಪ್ಪ ನಂಬರ್ ಒತ್ತಿದ. ಆಚೆ ದಡದಿಂದ ಗುಂಯ್ ಅಂತ ಸದ್ದು ಬಂತು. ಮಂಜಪ್ಪ ಟವೆಲ್ ಬೀಸಿ ಕುಣಿದೇಬಿಟ್ಟ. ಶಾಂಭವಿಗೆ ನಗು, ಅಳು ಎರಡೂ ಒಟ್ಟಿಗೆ ಬಂದವು. ಊರಿನ ಟ್ಯಾಂಕು ತುಂಬಿದ ಮೇಲೆ ಮತ್ತೆ ಫೋನ್ ಮಾಡಿ ಮೋಟಾರು ನಿಲ್ಲಿಸಿ, ಟ್ಯಾಂಕಿನ ಬೀದಿಯ ಹಿರಿಯಾಕೆ ಸಾವಿತ್ರಮ್ಮನ ಮನೆಯಲ್ಲಿ ಎಲ್ಲರೂ ಊಟಕ್ಕೆ ಕೂತರು.

ಅನ್ನ ಸಾರು ಕಲಸುವಷ್ಟರಲ್ಲಿ ಸಾವಿತ್ರಮ್ಮ ಬಾಗಿಲಲ್ಲಿ ಕಿರುಚಿದರು. "ಲೇ ಮಂಜಾ, ಬೀದಿ ತುಂಬಾ ನೀರು ಕಣೋ!"

ಟ್ಯಾಂಕು ತುಂಬಿ ಸುರಿಯುತ್ತಿತ್ತು.

"ನಾನ್ ಮುಟ್ಟೇ ಇಲ್ಲ ಕಣ್ರೀ!" ಮಂಜಪ್ಪ ಎಂಜಲು ಕೈಯಲ್ಲೇ ಫೋನ್ ಎತ್ತಿ ತೋರಿಸಿದ.

ಅವನ ಕೈಯಿಂದಲೇ ಕರೆ ಮಾಡಿಸಿ ಮೋಟಾರು ನಿಲ್ಲಿಸಿ, ಶಾಂಭವಿ ಬೋರ್‌ವೆಲ್ಲಿಗೆ ಹೋಗಿ ಮೋಡೆಮಿನ ಸಿಮ್ಮನ್ನು ತೆಗೆದು ತನ್ನ ಫೋನಿಗೆ ಹಾಕಿಕೊಂಡಳು. ಐದೇ ನಿಮಿಷಕ್ಕೆ ರಿಂಗಾಯಿತು. ಎತ್ತಿದರೆ ಸಿಮ್ ಕಂಪನಿಯ ಹುಡುಗಿಯ ಜೇನಿನಂಥ ದನಿಯೊಂದು, "ನಿಮ್ಮ ಮೆಚ್ಚಿನ ಕಾಲರ್ ಟ್ಯೂನ್ ಆಯ್ಕೆ ಮಾಡಿ," ಅಂದಿತು. ಹುಡುಗಿ ಕೇಳಿದ್ದು ಮೋಟಾರನ್ನು! ಶಾಂಭವಿ ನಕ್ಕು ನಕ್ಕು ಪಂಪಿನ ಮನೆಯ ಕಟ್ಟೆ ಮೇಲೆ ಕುಸಿದಳು. ತಪ್ಪು ಅವಳದೇ. ಯಾರ ಕರೆಯಾದರೂ ಮೋಟಾರು ಓಡುವಂತೆ ಬರೀ ರಿಂಗಿನ ಸನ್ನೆ ನಂಬಿದ್ದಳು. ಕರೆ ಮಾಡಿದ್ದು ಯಾರೆಂದು ಮೋಡೆಮನ್ನು ಕೇಳಿರಲಿಲ್ಲ.

ವಾರದೊಳಗೆ, ಕರೆ ಮಾಡಿದವರ ನಂಬರ್ ಹೇಳುವ ಮೋಡೆಮಿನ ತಂತಿಗಳನ್ನೂ ಬೋರ್ಡಿಗೆ ಜೋಡಿಸಿದಳು. ಈಗ ಮೋಟಾರು ಮಂಜಪ್ಪನ ಮತ್ತು ಶಾಂಭವಿಯ ನಂಬರಿಗೆ ಮಾತ್ರ ಬಗ್ಗುತ್ತದೆ. ಓಡಲು ಶುರುವಾದರೆ "ಬಂದೆ ಮಂಜಣ್ಣ" ಅಂತ ಇಂಗ್ಲಿಷ್ ಅಕ್ಷರದಲ್ಲಿ ಮೆಸೇಜೂ ಕಳಿಸುತ್ತದೆ. ತರೀಕೆರೆಯ ಮದುವೆಯೊಂದರಲ್ಲಿ ಮಂಜಪ್ಪ ಅದನ್ನು ಇಡೀ ಪಂಕ್ತಿಗೆ ಓದಿಸಿದನಂತೆ. ಆ ಪಂಕ್ತಿಯಲ್ಲಿದ್ದ ಲಿಂಗದಹಳ್ಳಿಯ ರುದ್ರಮೂರ್ತಿ ಮಾರನೇ ದಿನವೇ ಅಂಗಡಿ ಹುಡುಕಿಕೊಂಡು ಬಂದ.

"ನಮ್ಮ ಮೋಟಾರು ಕನ್ನಡದಲ್ಲೇ ಬರೀಬೇಕು," ಅಂದ.

ಶಾಂಭವಿ ಒಪ್ಪಿಕೊಂಡಿದ್ದಾಳೆ. ಮೋಟಾರಿನ ಮೆಸೇಜಿಗೆ ಕಾಗುಣಿತ ಬಂದಿದೆ, ಒತ್ತಕ್ಷರ ಮಾತ್ರ ಇನ್ನೂ ಸರಿಯಾಗಿ ಬೀಳುತ್ತಿಲ್ಲ.