ಎರಡನೆಯ ಸಲ ಕೇಳಲಿಲ್ಲ

ಜಿಲ್ಲಾ ಮಂಡಳಿಗೆ ನಾಲ್ಕು ಸಲ ಗೆದ್ದು ಬಂದ ದರ್ಜಿ ತಂಗಿಯನ್ನು ಊರು ಹೊಗಳಿದಾಗಲೆಲ್ಲ ಹೆಡ್‌ಮಿಸ್ಟ್ರೆಸ್ ಅಕ್ಕನಿಗೆ ನೆನಪಾಗುತ್ತಿದ್ದುದು ಒಂದೇ ಸಂಜೆ. ಆ ಪದವಿ ಮೊದಲು ಬಂದು ನಿಂತದ್ದು ಅಕ್ಕನ ಬಾಗಿಲಲ್ಲಿ.

ಅಂದು ಬಡಾವಣೆಯ ಹಿರಿಯರು ಮುಂದಿನ ಕೋಣೆಯಲ್ಲಿ ಕುಳಿತು, "ಟೀಚರಮ್ಮಾ, ಈ ಸಲ ಚುನಾವಣೆಗೆ ನೀವೇ ನಿಲ್ಬೇಕು" ಎಂದಿದ್ದರು. ಆಸೆ ಗಂಟಲವರೆಗೂ ಬಂದಿತ್ತು. ಆದರೆ ಕೇಳಿದ ಕೂಡಲೇ ಒಪ್ಪುವುದು ಹಸಿದವರ ಲಕ್ಷಣವೆಂದು ಅವಳ ತಾಯಿ ಕಲಿಸಿದ್ದಳು: ಯಾರು ಏನು ಕೊಟ್ಟರೂ ಮೊದಲು ಬೇಡ ಎನ್ನಬೇಕು, ಎರಡನೆಯ ಸಲ ಕೈ ಚಾಚಬೇಕು.

"ಅಯ್ಯೋ, ನನಗ್ಯಾಕೆ ಬಿಡಿ ಅದೆಲ್ಲ" ಎಂದು ಕನ್ನಡಕ ಒರೆಸುತ್ತ ಅವಳು ಎರಡನೆಯ ಸಲಕ್ಕೆ ಕಾದಳು.

ಅಷ್ಟರಲ್ಲಿ ತಂಗಿ ಚಹಾ ತಂದಳು. ಹಿರಿಯರ ಜೊತೆ ಬಂದಿದ್ದ ಔಷಧಿ ಅಂಗಡಿಯವನು ತಮಾಷೆಗೆ, "ಹಾಗಾದ್ರೆ ನೀವಾದ್ರೂ ನಿಲ್ತೀರೇನಮ್ಮಾ?" ಎಂದ.

"ಹೂಂ, ನಿಲ್ತೀನಿ" ಎಂದಳು ತಂಗಿ. ತಟ್ಟೆ ಇನ್ನೂ ಕೈಯಲ್ಲೇ ಇತ್ತು.

ನಿಂತಳು, ಗೆದ್ದಳು. ಕೊರಳಿನ ಟೇಪು ತೆಗೆಯದೆಯೇ ಮಂಡಳಿಯ ಸಭೆಗೆ ಹೋಗುತ್ತಿದ್ದಳು. ಜನರ ದೂರುಗಳನ್ನು ಹೊಲಿಗೆ ಯಂತ್ರ ತುಳಿಯುತ್ತಲೇ ಕೇಳುವಳು. ಹೊಸ ಚರಂಡಿಗೆ ಟೇಪು ಇಳಿಬಿಟ್ಟು, "ಏನಪ್ಪಾ ಕಂಟ್ರಾಕ್ಟರು, ಇದು ಚರಂಡಿನೋ ಊಟದ ತಟ್ಟೆನೋ?" ಎಂದು ಬೀದಿಯಲ್ಲೇ ನೀರಿಳಿಸುವಳು. ಹೆರಿಗೆ ಆಸ್ಪತ್ರೆಯ ದಾರಿಗೆ ಸೇತುವೆ ತಂದಳು. ಮಾತು ಕೊಟ್ಟ ಗ್ರಂಥಾಲಯವನ್ನು ಮಾತ್ರ ಕಟ್ಟಿಸಲಿಲ್ಲ. ಬಸ್ಸೇ ನಿಲ್ಲದ ಕಡೆ ಒಂದು ತಂಗುದಾಣ ಕಟ್ಟಿಸಿದಳು. ಈ ಕೊನೆಯ ಎರಡು ಸಂಗತಿಗಳನ್ನು ಅಕ್ಕ ಹಾಲಿನವನಿಗೂ ಬಿಡದೆ ಹೇಳುತ್ತಿದ್ದಳು. ತಂಗಿಯ ಚಿತ್ರ ಬಂದ ಪತ್ರಿಕೆಯ ಮೇಲೆಯೇ ಈರುಳ್ಳಿ ಸುಲಿಯುತ್ತಿದ್ದಳು. ಒಂದು ಕಾಲಕ್ಕೆ ತಂಗಿ 'ಟೀಚರಮ್ಮನ ತಂಗಿ' ಆಗಿದ್ದಳು. ಈಗ ಇವಳು 'ಮೆಂಬರಮ್ಮನ ಅಕ್ಕ'.

ಕೊನೆಗೆ ತಂಗಿಯ ಮೊಣಕಾಲು ಕೈಕೊಟ್ಟಿತು. ಇನ್ನು ನಿಲ್ಲುವುದಿಲ್ಲ ಎಂದು ಅವಳು ಸಾರಿದ ದಿನವೇ ಅಕ್ಕ ರವಿಕೆಯ ನೆಪ ಮಾಡಿಕೊಂಡು ಅಂಗಡಿಗೆ ಹೋದಳು.

"ಮುಂದೆ ಯಾರಂತೆ?"

"ಭಾನುವಾರ ಹಿರಿಯರು ನಿನ್ನ ಮನೆಗೆ ಬರ್ತಾರಂತೆ, ಏನೋ ಕೇಳೋದಿದೆಯಂತೆ" ಎಂದಳು ತಂಗಿ, ತಲೆಯೆತ್ತದೆ. "ಈ ಸಲ ಬೇಡ ಅಂದುಬಿಟ್ಟೀಯ ಮತ್ತೆ!"

"ಅಂದ್ರೆ?"

"ಅವತ್ತು ನೀನು ಎರಡನೇ ಸಲಕ್ಕೆ ಕಾಯ್ತಿದ್ದೆ ಅಂತ ನಂಗೊತ್ತಿತ್ತು ಕಣೇ ಅಕ್ಕಾ. ನಾನೂ ಅದೇ ಅಮ್ಮನ ಮಗಳಲ್ವಾ? ಅದಕ್ಕೇ ಬೇಗ ಹೂಂ ಅಂದೆ. ಮನೇಲಿ ಎಲ್ಲಾ ನಿನಗೇ ಮೊದಲು ಕೊಡೋರು. ಅದೊಂದಾದ್ರೂ ನಂದಾಗ್ಲಿ ಅನ್ನಿಸ್ತು."

ಅಕ್ಕ ರವಿಕೆಯನ್ನು ಅಲ್ಲೇ ಬಿಟ್ಟು ಬಂದಳು.

ಭಾನುವಾರ ಕುರ್ಚಿಗಳು ಸಾಲಾಗಿ ಕಾದಿದ್ದವು. ಔಷಧಿ ಅಂಗಡಿಯವನು, ಈಗ ತಲೆಯೆಲ್ಲ ನರೆತವನು, ಗಂಟಲು ಸರಿಮಾಡಿಕೊಂಡ. "ಟೀಚರಮ್ಮಾ, ನೀವು ದೊಡ್ಡ ಮನಸ್ಸು ಮಾಡಿ..."

"ಆಯ್ತು, ಒಪ್ಪಿದೆ!"

"ಅಬ್ಬಾ! ನೀವು ಒಪ್ತೀರೋ ಇಲ್ವೋ ಅಂತಿದ್ವಿ. ಮೆಂಬರಮ್ಮನ ಸನ್ಮಾನದಲ್ಲಿ ಅವರನ್ನ ಹೊಗಳಿ ಮಾತಾಡೋಕೆ ನಿಮ್ಮನ್ನ ಬಿಟ್ರೆ ಯಾರಿದಾರೆ?"

ಅಕ್ಕ ಕನ್ನಡಕ ತೆಗೆದಳು. "ಮತ್ತೆ... ಚುನಾವಣೆಗೆ?"

"ಅದಕ್ಕೆ ಲೈನ್‌ಮನ್ ಹೆಂಡತಿ ಸಿಕ್ಕಿದಾಳೆ. ಕೇಳಿದ್ದೇ ತಡ, ಹೂಂ ಅಂದ್ಲು. ನಿಮ್ಮ ಹೆಸರೂ ಬಂತು. ಆದ್ರೆ ನೀವು ಅವತ್ತೇ ಬೇಡ ಅಂದಿದ್ರಲ್ಲ!"

ಆಗ ಅಕ್ಕನಿಗೆ ಹೊಳೆಯಿತು: ಅವರು ಏನು ಕೇಳಲು ಬರುತ್ತಾರೆಂಬುದು ತಂಗಿಗೆ ಗೊತ್ತೇ ಇತ್ತು.

ಸನ್ಮಾನದ ದಿನ ಸಭಾಂಗಣ ತುಂಬಿತ್ತು. ಅಕ್ಕ ಮೈಕಿನ ಮುಂದೆ ನೆಟ್ಟಗೆ ನಿಂತಳು. ಸೇತುವೆಯ ಮಾತೆತ್ತಲಿಲ್ಲ, ತಂಗುದಾಣದ್ದೂ ಎತ್ತಲಿಲ್ಲ.

"ನನ್ನ ತಂಗಿಗೆ ಒಂದು ವಿದ್ಯೆ ಚೆನ್ನಾಗಿ ಗೊತ್ತು. ಇನ್ನೊಬ್ಬರ ನಾಲಿಗೆ ತುದಿಗೆ ಬಂದ ಮಾತನ್ನ ಅವರಿಗಿಂತ ಮೊದಲು ತಾನೇ ಆಡಿಬಿಡ್ತಾಳೆ."

ಜನರ ಮನಸ್ಸು ಅರಿತವಳು ಎಂಬ ಹೊಗಳಿಕೆಯಿದು ಎಂದುಕೊಂಡು ಸಭೆ ಚಪ್ಪಾಳೆ ತಟ್ಟಿತು. ಮುಂದಿನ ಸಾಲಿನಲ್ಲಿ ತಂಗಿ ಮಾತ್ರ ತಟ್ಟಲಿಲ್ಲ. ಅವಳು ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದಳು.

"ಇನ್ನೊಂದ್ಸಲ ಹೇಳಕ್ಕಾ!" ಎಂದು ಕೂಗಿದಳು.

ಅಕ್ಕ ಮೈಕನ್ನು ಹತ್ತಿರಕ್ಕೆ ಎಳೆದುಕೊಂಡಳು.