ಭೀಮೆಗೆ ಉಡಿ ತುಂಬಿದ್ದು

ನದಿಗಳು ನಾಗರಿಕತೆಯ ತಾಯಂದಿರು. ಆ ತಾಯಿಯೊಡನೆ ನಮ್ಮ ಮನೆತನದ ಸಂಬಂಧ ಮಾತ್ರ ವರ್ಷಕ್ಕೊಮ್ಮೆ, ಸಂಕ್ರಮಣದ ದಿನ, ಎಳ್ಳು ಹಚ್ಚಿಕೊಂಡು ಮಿಂದು ಸಜ್ಜೆ ರೊಟ್ಟಿ ತಿಂದು ಬರುವಷ್ಟರದು.

ತೊಂಬತ್ತರ ದಶಕದ ಅಂಥದೊಂದು ಸಂಕ್ರಮಣಕ್ಕೆ ಅವ್ವನನ್ನು ಕರೆದುಕೊಂಡು ಸೊಲ್ಲಾಪುರದಿಂದ ಅಕ್ಕಲಕೋಟೆ ಕಡೆಯ ಮಾಮಾನ ಊರಿಗೆ ಹೋಗಿದ್ದೆ. ಹೊಲ ಮುಗಿದಲ್ಲಿ ಭೀಮಾ ನದಿ. ಪಾದ ಮುಳುಗುವಷ್ಟು ನೀರು ದಾಟಿ, ನಡುವಿನ ಕರಿಬಂಡೆಯ ಮೇಲೆ ಬುಟ್ಟಿ ಬಿಚ್ಚಿದೆವು. ಅವ್ವನಿಗೆ ಮೊಣಕಾಲು ನೋವು; ಅವಳನ್ನು ಅಲ್ಲಿಗೆ ತಲುಪಿಸಿದ್ದೇ ಒಂದು ದಂಡಯಾತ್ರೆ.

ಮಾಮಾ ಭೂಗೋಳದ ನಿವೃತ್ತ ಮಾಸ್ತರ. ನಿವೃತ್ತಿಯಾದದ್ದು ಸಂಬಳ, ಪಾಠವಲ್ಲ. ಭೀಮೆ ಸಹ್ಯಾದ್ರಿಯಲ್ಲಿ ಹುಟ್ಟುವುದು, ಪಂಢರಪುರದಲ್ಲಿ ಚಂದ್ರನಂತೆ ಬಾಗಿ ಚಂದ್ರಭಾಗೆಯಾಗುವುದು, ಸೊಲ್ಲಾಪುರದ ಕಡೆಯ ಕೂಡಲದಲ್ಲಿ ಸೀನಾ ನದಿಯನ್ನು ಕೂಡಿಸಿಕೊಳ್ಳುವುದು, ಇಲ್ಲಿ ಎರಡು ರಾಜ್ಯಗಳ ಗಡಿಯಾಗುವುದು, ಎಲ್ಲ ಹೇಳಿ, “ಈ ಕಲ್ಲು ಯಾವ ಸರಕಾರದ್ದಂತ ಇನ್ನೂ ಯಾರೂ ಜಗಳಾಡಿಲ್ಲ ನೋಡು” ಎಂದ.

ಅಷ್ಟರಲ್ಲಿ ಬಂಡೆಯ ಬುಡದ ಒಣ ಮರಳಲ್ಲಿ ಬಿಟ್ಟಿದ್ದ ನನ್ನ ಚಪ್ಪಲಿ ತೇಲಿ ಹೋಯಿತು.

“ಮಾಮಾ, ನೀರು ಏರಾಕತ್ತೈತಿ.”

“ಮಳಿ ಎಲ್ಲೈತಿ? ಪುಷ್ಯಮಾಸದಾಗ ಹೊಳಿ ಬರತೈತೇನು ಹುಚ್ಚಪ್ಯಾ?”

ಮಾತು ಮುಗಿಯುವ ಮೊದಲೇ ಅವನ ಮುಖ ಬಿಳಿಚಿತು. “ಡ್ಯಾಮಿನ ನೀರು ಬಿಟ್ಟಾರ! ಅಕ್ಕಾ, ಲಗೂನ ಏಳು!”

ನಾವು ಬಂದ ದಾರಿ ಆಗಲೇ ನೊರೆಯೆದ್ದು ಸುಳಿ ತಿರುಗುತ್ತಿತ್ತು. ಆಚೆಯ ಕರ್ನಾಟಕದ ದಂಡೆ ಹತ್ತಿರವಿತ್ತು. ನನಗೆ ಈಜು ಬರುತ್ತಿರಲಿಲ್ಲ.

ಅವ್ವ ಏಳಲಿಲ್ಲ. ಅವಳ ಪಾಲಿಗೆ ಹೊಳೆಗೆ ಹೊಸ ನೀರು ಬಂದರೆ ಗಂಗವ್ವ ತವರಿಗೆ ಬಂದಂತೆ. ಮನೆಗೆ ಬಂದ ಮಗಳಿಗೆ ತುಂಬುವಂತೆ ಅವಳಿಗೂ ಉಡಿ ತುಂಬಬೇಕು. ಪೂಜೆಗೆಂದು ತಂದಿದ್ದ ಕುಪ್ಪಸದ ಖಣ, ತೆಂಗಿನಕಾಯಿ, ಹಸಿರು ಬಳೆಗಳನ್ನು ಒಂದೊಂದಾಗಿ ಹೊರತೆಗೆದಳು.

“ಅವ್ವಾ, ನಿನ್ನ ಕಾಲು ಬೀಳ್ತೀನಿ, ನಡಿ!”

“ಮನಿಗೆ ಬಂದಾಕಿನ್ನ ಬರಿಗೈಲೆ ಕಳಸ್ತಾರೇನೋ? ಸೊಲ್ಲಾಪುರದಾಗ ಇದನ್ನ ಕಲ್ತಿಯೇನು?”

“ಆಕಿ ಉಡಿ ತುಂಬಿಸ್ಕೊಳ್ಳಾಕ ಬಂದಿಲ್ಲ ಬೇ, ನಮ್ಮನ್ನ ಒಯ್ಯಾಕ ಬಂದಾಳ!”

“ಕುಂಕಮ ಎಲ್ಲಿಟ್ಟಿ?”

ಪ್ರಾಣ ಹೋಗುವ ಹೊತ್ತಿನಲ್ಲಿ ನಾನು ಕುಂಕುಮದ ಡಬ್ಬಿ ಹುಡುಕಿದೆ. ಮುಚ್ಚಳ ತೆಗೆಯುವ ಅವಸರದಲ್ಲಿ ಅರ್ಧ ಬಂಡೆಯ ಮೇಲೇ ಚೆಲ್ಲಿತು. ಅವ್ವ ಕೈ ಮುಗಿದು ಕಣ್ಣು ತೆರೆಯುವಷ್ಟರಲ್ಲಿ ನೀರು ಬಂಡೆ ಹತ್ತಿ, ಖಣ ಕಾಯಿ ಎಲ್ಲವನ್ನೂ ತಾನೇ ಎತ್ತಿಕೊಂಡಿತು.

ಮಾಮಾ ತಲೆಯ ಪಟಕಾ ಬಿಚ್ಚಿ ಮೂವರ ನಡುವಿಗೂ ಬಿಗಿದ. ಅವನು ಮುಂದೆ, ನಾನು ಹಿಂದೆ, ನಡುವೆ ಅವ್ವ. ನೀರು ಎದೆಮಟ್ಟ ಬಂತು. ಕಾಲಡಿಯ ಮರಳು ಜಾರುತ್ತಿತ್ತು. ಒಮ್ಮೆ ಅವ್ವನ ತಲೆಯೇ ಕಾಣದಾಯಿತು. ಪಟಕಾ ನನ್ನ ಹೊಟ್ಟೆಗೆ ಕೊಯ್ಯುವಂತೆ ಬಿಗಿಯಿತು. ಚೀರಿದೆನಂತೆ, ಮಾಮಾ ಆಮೇಲೆ ಹೇಳಿದ. ನನಗೆ ಕೇಳಿಸಿದ್ದು ನೀರು ಮಾತ್ರ. ಇಬ್ಬರೂ ಸೇರಿ ಜಗ್ಗಿದೆವು.

ಮೂವರೂ ಕರ್ನಾಟಕದ ದಂಡೆ ಹತ್ತಿದೆವು. ಕಲ್ಲಿನ ಸಂದಿಗೆ ಸಿಕ್ಕು ಅವ್ವನ ಎಡಗಾಲು ಮುರಿದಿತ್ತು. ಹತ್ತಿರದ ಇಂಡಿಯ ದವಾಖಾನೆಗೆ ಒಯ್ದು ಪ್ಲಾಸ್ಟರ್ ಹಾಕಿಸಿದೆವು.